ಬೇಡ ಮೇಷ್ಟ್ರು

ಕಾಲೇಜಿನಲ್ಲಿ ನನ್ನ ಭಾವನಿಗೆ ಇದ್ದ ಹೆಸರು ಬೇಡ ಮೇಷ್ಟ್ರು. ಮೆಕ್ಯಾನಿಕಲ್ ಎಂಜಿನಿಯರಿಂಗ್ ಪ್ರೊಫೆಸರು. ಲೋಹ ಯಾಕೆ ಮುರಿಯುತ್ತದೆ ಎಂಬುದನ್ನೇ ಜೀವಮಾನವಿಡೀ ಓದಿದರು, ಓದಿಸಿದರು. ಬೋಲ್ಟಿನ ತಿರುಪು ಸವೆದಿದ್ದರೆ ಬೇಡ, ಬೆಲ್ಟಿನ ಅಂಚು ಹರಿದಿದ್ದರೆ ಬೇಡ. ‘ನಡೆಯುತ್ತೆ ಬಿಡಿ ಸಾರ್’ ಎಂದ ವಿದ್ಯಾರ್ಥಿ ಅವತ್ತು ವರ್ಕ್‌ಶಾಪಿನಿಂದ ಆಚೆ.

ಮನೆಯಲ್ಲೂ ಅದೇ ಕಾಟ. ಕುಕ್ಕರಿನ ರಬ್ಬರ್ ಸ್ವಲ್ಪ ಸಡಿಲವಾದರೂ ಅಕ್ಕ ಒಲೆ ಹಚ್ಚುವಂತಿರಲಿಲ್ಲ. “ಮೊಸರಲ್ಲಿ ಕಲ್ಲು ಹುಡುಕೋ ಗಂಡನ್ನ ಕಟ್ಕೊಂಡೆ ಕಣೋ” ಎನ್ನುತ್ತಿದ್ದಳು.

ಎಲ್ಲದಕ್ಕೂ ಬೇಡ ಅಂದು ಅಂದು ಭಾವ ಮೇಲಿನವರಿಗೇ ಬೇಡವಾದರು. ವಿಭಾಗದ ಮುಖ್ಯಸ್ಥನ ಕುರ್ಚಿ ಅವರ ಶಿಷ್ಯನಿಗೆ ಹೋಯಿತು. ಭಾವನಿಗೆ ಹೊಟ್ಟೆಕಿಚ್ಚಾಗಲಿಲ್ಲ. ಮಕ್ಕಳಿಲ್ಲದ ಆ ಮನೆಗೆ ಅವನೇ ಮಗನಂತಿದ್ದ.

ಭಾವನ ನಿವೃತ್ತಿ ಹತ್ತಿರವಿದ್ದಾಗ ಲ್ಯಾಬಿಗೆ ದೊಡ್ಡ ಎಂಜಿನ್ ಒಂದು ಬಂತು. ಅದನ್ನು ಕ್ರೇನಿನಲ್ಲಿ ಎತ್ತಿ ಕಟ್ಟೆಯ ಮೇಲೆ ಕೂರಿಸಬೇಕು. ಮಧ್ಯಾಹ್ನ ನೋಡಲು ದೊಡ್ಡವರು ಬರುವವರಿದ್ದರು. ಆದರೆ ಕ್ರೇನಿನ ಕೊಕ್ಕೆ ಭಾರ ಹೊತ್ತು ಹೊತ್ತು ಬಾಯಿ ಅಗಲವಾಗಿತ್ತು. ಅಂಥ ಕೊಕ್ಕೆಯನ್ನು ಎಸೆಯಬೇಕು ಎಂಬುದು ಭಾವ ಹೇಳಿಕೊಡುತ್ತಿದ್ದ ಮೊದಲ ಪಾಠ.

ಶಿಷ್ಯ ಅವರೊಬ್ಬರನ್ನೇ ಕರೆದು ತೋರಿಸಿದ. “ಒಂದೇ ಸಲ ಸಾರ್. ನೀವು ಬೇಡ ಅಂದ್ರೆ ಬಿಟ್ಬಿಡ್ತೀನಿ.”

ಅವನ ಮುಖ ಬೆವೆತಿತ್ತು. ಹೋಗುವ ಮೊದಲು ಒಮ್ಮೆಯಾದರೂ ಇವನಿಗೆ ಹೂಂ ಅನ್ನೋಣ ಎನ್ನಿಸಿತಂತೆ ಭಾವನಿಗೆ.

“ನಡೆಯುತ್ತೆ ಬಿಡು” ಅಂದರು.

ಎಂಜಿನ್ ಮೇಲೇರಿತು. ಭಾರಕ್ಕೆ ಕೊಕ್ಕೆ ಬಿಚ್ಚಿಕೊಂಡು ನೆಟ್ಟಗಾಯಿತು. ಕೆಳಗೆ ಶಿಷ್ಯನಿದ್ದ.

ವಿಚಾರಣೆಗೆ ಹೊರಟ ಭಾವನನ್ನು ಅಕ್ಕ ಬಾಗಿಲಲ್ಲಿ ತಡೆದಳು. “ಮಾತಾಡಿದರೆ ಹೋಯ್ತು, ಮುತ್ತೊಡೆದರೆ ಹೋಯ್ತು. ಸುಮ್ನಿದ್ಬಿಡಿ. ಹೋದವನು ವಾಪಸ್ ಬರ್ತಾನಾ?”

“ಸುಮ್ನಿದ್ರೆ ತಪ್ಪು ಅವನ ತಲೆಗೆ ಬರುತ್ತೆ ಕಣೇ” ಎಂದು ಭಾವ ಚಪ್ಪಲಿ ಮೆಟ್ಟಿದರು.

ಅಲ್ಲಿ ಕೇಳಿದ್ದೇ ಹೀಗಂತೆ: “ನೀವು ಬೇಡ ಅಂದಿರ್ತೀರಿ, ಅವರು ಕೇಳಿರಲ್ಲ. ಅಲ್ವಾ ಸಾರ್?”

“ಇಲ್ಲ. ನಡೆಯುತ್ತೆ ಅಂದೆ.”

ವಿಚಾರಣೆಯವರು ಮುಖ ಮುಖ ನೋಡಿಕೊಂಡರು. ಪಾಪ, ಶಿಷ್ಯನ ಹೆಸರು ಉಳಿಸಲು ಮುದುಕ ಸುಳ್ಳು ಹೇಳುತ್ತಿದ್ದಾನೆ ಎಂದುಕೊಂಡರು. ವಾಚ್‌ಮನ್‌ನಿಂದ ಪ್ರಿನ್ಸಿಪಾಲರವರೆಗೆ ಎಲ್ಲರೂ ಹೇಳಿದ್ದು ಒಂದೇ: ಬೇಡ ಮೇಷ್ಟ್ರು ಹೂಂ ಅನ್ನುವುದುಂಟೇ? ತಪ್ಪೆಲ್ಲ ಸತ್ತವನದೇ ಎಂದು ತೀರ್ಮಾನವಾಯಿತು. ಆ ಜಾಣರ ಮೇಲೆ ನನಗೆ ಈಗಲೂ ಸಿಟ್ಟಿದೆ. ಎದುರಿಗೆ ಕೂತು ನಿಜ ಹೇಳಿದವನನ್ನು ನಂಬುವುದಕ್ಕೆ ಅವರಿಗೇನು ರೋಗ?

ಆಮೇಲೆ ಒಂದು ದಿನ ಶಿಷ್ಯನ ಹೆಂಡತಿ ಮನೆಗೆ ಬಂದಳು. ನಾನೂ ಅಲ್ಲೇ ಇದ್ದೆ. ಕೂರಲಿಲ್ಲ, ನಿಂತೇ ಕೈಮುಗಿದಳು.

“ನಮ್ಮನೆಯವರ ತಪ್ಪನ್ನ ನಿಮ್ಮ ತಲೆ ಮೇಲೆ ಹಾಕ್ಕೊಳ್ಳೋಕೆ ಹೋದ್ರಂತೆ. ನಿಮ್ಮ ಋಣ ತೀರಿಸೋಕಾಗಲ್ಲ ಸಾರ್.”

ಭಾವ ಗೋಡೆಗೆ ತಾಗುವ ತನಕ ಹಿಂದೆ ಸರಿದರು. “ಬೇಡಮ್ಮ, ಬೇಡ” ಎಂದಷ್ಟೇ ತೊದಲಿದರು.

ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಳು.

“ಅವರಿಗೂ ಹೀಗೇ ಹೇಳಿದ್ರಲ್ವಾ ಸಾರ್? ಕೇಳಬೇಕಿತ್ತು ಅವರು.”