ಡೈರಿ ಬೆಕ್ಕಿನ ತೂಕ

ಬೇತಮಂಗಲದ ಹತ್ತಿರ ನಮ್ಮೂರಿನ ಹಾಲಿನ ಡೈರಿಯಲ್ಲಿ ಫ್ಯಾಟ್ ನೋಡುವವನು ನಾನು. ಒಬ್ಬೊಬ್ಬರ ಹಾಲಿನಿಂದಲೂ ಸಣ್ಣ ಲೋಟದಲ್ಲಿ ಸ್ಯಾಂಪಲ್ ತೆಗೆಯುತ್ತೇನೆ. ನೋಡಿ ಮಿಕ್ಕಿದ್ದನ್ನು ಕ್ಯಾನಿಗೆ ಸುರಿಯಬೇಕು. ನಾನು ನನ್ನ ಬೆಕ್ಕು ಕೆಂಚನ ತಟ್ಟೆಗೆ ಸುರಿಯುತ್ತಿದ್ದೆ.

ಕೆಂಚ ಊದಿಕೊಂಡು ಮೆಟ್ಟಿಲು ಹತ್ತುವುದಕ್ಕೂ ಏದುಸಿರು ಬಿಡತೊಡಗಿದ. ಬುಟ್ಟಿಯಲ್ಲಿ ಹಾಕಿಕೊಂಡು ರಾಬರ್ಟ್‌ಸನ್‌ಪೇಟೆಯ ದನದ ಡಾಕ್ಟರ ಹತ್ತಿರ ಹೋದೆ. ತಕ್ಕಡಿ ಏಳು ಕೆಜಿ ತೋರಿಸಿತು.

"ಏನು ತಿನ್ನಿಸ್ತೀರಿ?" ಅಂದರು.

"ಪ್ಯಾಕೆಟ್ ಫುಡ್ಡು ಸಾರ್, ದಿನಕ್ಕೆ ಒಂದೇ ಹಿಡಿ. ಆ ಫುಡ್ಡೇ ಸರಿಯಿಲ್ವೇನೋ. ತೂಕ ಇಳಿಸೋದು ಬೇರೆ ಯಾವುದಾದ್ರೂ ಬರ್ಕೊಡಿ."

ನಮ್ಮ ಡೈರಿಗೇ ಹಾಲು ಹಾಕುವ ಮುನಿಯಮ್ಮ ಹಸುವಿನ ಔಷಧಿಗೆಂದು ಬಂದು ಹಿಂದೆ ನಿಂತಿದ್ದನ್ನು ನಾನು ನೋಡಿರಲಿಲ್ಲ. ಹಿಂದಿನ ವಾರವಷ್ಟೇ, ನೀರು ಬೆರೆಸಿದ್ದೀಯ ಎಂದು ಎಲ್ಲರೆದುರು ಬೈದು ಆಕೆಯ ಹಾಲು ವಾಪಸ್ ಕಳಿಸಿದ್ದೆ.

"ಆಲಿನ ಇಸ್ಯ ಏಳ್ಲಿಲ್ವಲ್ಲ ಸಾರ್," ಅಂದಳು ಮೆತ್ತಗೆ. "ಊರೋರ ಸ್ಯಾಂಪಲ್ ಆಲೆಲ್ಲಾ ಅದೇ ಅಲ್ವಾ ಕುಡಿಯೋದು, ಎರಡೊತ್ತೂ?"

ಡಾಕ್ಟರು ಪೆನ್ನು ಕೆಳಗಿಟ್ಟು ನನ್ನ ಮುಖ ನೋಡಿದರು. ನಾನು ಬುಟ್ಟಿಯ ಮುಚ್ಚಳ ಸರಿಮಾಡುತ್ತ ನಿಂತೆ.

"ಫುಡ್ಡು ಅದೇ ಇರಲಿ. ಮೊದಲು ಹಾಲು ನಿಲ್ಲಿಸಿ," ಎಂದರು.

"ಪೂರ್ತಿ ಯಾಕೆ ನಿಲ್ಲಿಸ್ತೀರಾ ಸಾರ್, ಪಾಪ," ಅಂದಳು ಮುನಿಯಮ್ಮ ನನ್ನ ಕಡೆ ತಿರುಗಿ. "ನಮ್ಮನೆ ಆಲು ಆಕಿ. ಬರೀ ನೀರು ಅಂತ ನೀವೇ ಏಳಿದ್ರಲ್ಲ."

ಕೆಂಚನ ತೂಕ ಈಗ ಇಳಿದಿದೆ. ಮುನಿಯಮ್ಮ ಸಾಲಿಗೆ ಬಂದರೆ ಸ್ಯಾಂಪಲ್ ಲೋಟವನ್ನು ಆಕೆಯ ಕಣ್ಣೆದುರೇ ಕ್ಯಾನಿಗೆ ಬಗ್ಗಿಸುತ್ತೇನೆ, ಕೊನೆಯ ಹನಿಯವರೆಗೂ. ತಲೆ ಮಾತ್ರ ಎತ್ತುವುದಿಲ್ಲ.