ಒಂದು ಕಟ್ಟು ಬೀಡಿಯ ಹೊತ್ತು

ಬೆಳುವಾಯಿಯ ಜಲಜಾಕ್ಷಿಗೆ ಸಿಟ್ಟು ಬಂದರೆ ಆಕೆ ಬಯ್ಯುವುದಿಲ್ಲ, ಪಾತ್ರೆ ಕುಕ್ಕುವುದಿಲ್ಲ. ನೆನಪಿಟ್ಟುಕೊಳ್ಳುತ್ತಾಳೆ. ಬಯ್ಯುವವರನ್ನಾದರೂ ನಂಬಬಹುದು ಮಾರಾಯ್ರೇ, ಎರಡು ದಿನಕ್ಕೆ ಮರೆತುಬಿಡುತ್ತಾರೆ. ಈ ಹೆಂಗಸು ಡಾಕ್ಟರ್ ಭೋಜರ ಮೇಲಿನ ಸಿಟ್ಟನ್ನು ಎರಡು ವರ್ಷ ಉಪ್ಪಿನಕಾಯಿ ಭರಣಿಯಂತೆ ಬಾಯಿಗೆ ಬಟ್ಟೆ ಕಟ್ಟಿ ಇಟ್ಟಿದ್ದಳು. ತೆಗೆದಾಗ ಒಂಚೂರೂ ಕೆಟ್ಟಿರಲಿಲ್ಲ.

ಆಕೆಯ ಮನೆಯಲ್ಲಿ ಎಲ್ಲರೂ ಬೀಡಿ ಕಟ್ಟುವವರು. ಶಾಲೆಯಿಂದ ಬಂದ ಕೂಡಲೇ ಜಲಜಾಕ್ಷಿಯೂ ಎಲೆ, ಪುಡಿ, ನೂಲು ತುಂಬಿದ ತಡ್ಪೆಯನ್ನು, ಅಂದರೆ ಮೊರವನ್ನು, ಮಡಿಲಿಗೆ ಎಳೆದುಕೊಂಡು ಕೂರುತ್ತಿದ್ದಳು. ಪಕ್ಕದಲ್ಲಿ ತಮ್ಮ ಸಂಕಪ್ಪ. ಅವನಿಗೆ ಹುಟ್ಟಿನಿಂದಲೇ ರಕ್ತ ಹೆಪ್ಪುಗಟ್ಟದ ಕಾಯಿಲೆ, ಹೀಮೋಫಿಲಿಯಾ. ಸ್ವಲ್ಪ ಎಡವಿದರೂ ಮೊಣಕಾಲು ತೆಂಗಿನಕಾಯಿಯಷ್ಟು ಊದುತ್ತಿತ್ತು. ಓಡುವಂತಿಲ್ಲ, ಮರ ಹತ್ತುವಂತಿಲ್ಲ, ಎಲೆ ಕತ್ತರಿಸಲು ಕೈಗೆ ಕತ್ತರಿಯನ್ನೂ ಕೊಡುವಂತಿಲ್ಲ. ಹಾಗಾಗಿ ಅವನ ಪಾಲಿಗೆ ಬಂದದ್ದು ಎಣಿಸುವ ಕೆಲಸ. ಅಕ್ಕನ ಕೈಯಿಂದ ಬೀಳುವ ಬೀಡಿಗಳನ್ನು ಎಣಿಸಿ, ಇಪ್ಪತ್ತೈದಾದ ಕೂಡಲೇ "ಆಂಡ್ ಅಕ್ಕಾ!" ಎಂದು ಕೂಗುತ್ತಿದ್ದ. ತುಳುವಿನಲ್ಲಿ, ಆಯಿತು ಎಂದು. ಇಪ್ಪತ್ತೈದಕ್ಕೆ ಒಂದು ಕಟ್ಟು. ಜಲಜಾಕ್ಷಿಯ ಕೈಗೆ ಒಂದು ಕಟ್ಟಿಗೆ ಹನ್ನೆರಡು ನಿಮಿಷ, ಹೆಚ್ಚೂ ಇಲ್ಲ, ಕಮ್ಮಿಯೂ ಇಲ್ಲ.

ತೊಂಬತ್ತೊಂದರಲ್ಲಿ, ಹದಿನೈದು ವರ್ಷದ ಸಂಕಪ್ಪ ಹುಳುಕು ಹಲ್ಲಿನ ನೋವು ತಾಳಲಾರದೆ, ಕಾಯಿಲೆಯ ಸಂಗತಿ ಮುಚ್ಚಿಟ್ಟು, ಒಬ್ಬನೇ ಪೇಟೆಗೆ ಹೋಗಿ ಹಲ್ಲು ಕೀಳಿಸಿಕೊಂಡು ಬಂದ. ರಕ್ತ ನಿಲ್ಲಲಿಲ್ಲ. ಆಸ್ಪತ್ರೆಯಲ್ಲಿ ನಾಲ್ಕು ದಿನ ಅಕ್ಕ ಅವನ ಬಾಯಿಗೆ ಬಟ್ಟೆ ಒತ್ತಿ ಹಿಡಿದಳು. ಐದನೆಯ ದಿನ ಹಿಡಿಯುವ ಅಗತ್ಯ ಬೀಳಲಿಲ್ಲ.

ಅದೇ ಹಟದಲ್ಲಿ ಆಕೆ ಮೂಡುಬಿದಿರೆಯಲ್ಲಿ ಬಿ.ಎಸ್ಸಿ. ಮುಗಿಸಿ, ಊರೂರು ಸಣ್ಣಪುಟ್ಟ ಲ್ಯಾಬುಗಳಲ್ಲಿ ರಕ್ತ ಮೂತ್ರ ಪರೀಕ್ಷೆ ಮಾಡಿ, ತೊಂಬತ್ತೆಂಟರಲ್ಲಿ ಪುತ್ತಿಗೆಯ ಗುಡ್ಡದ ಮೇಲೆ ಹೊಸದಾಗಿ ಎದ್ದ ಸಂಶೋಧನಾ ಕೇಂದ್ರಕ್ಕೆ ಸಹಾಯಕಿಯಾಗಿ ಸೇರಿದಳು. ಅಲ್ಲಿನ ಮುಖ್ಯಸ್ಥರು ಡಾಕ್ಟರ್ ಭೋಜ, ಬೆಳ್ತಂಗಡಿಯ ದೊಡ್ಡ ಮನೆಯವರು, ಹೊರದೇಶದಲ್ಲಿ ಎರಡು ಪದವಿ ಪಡೆದವರು. ಅವರ ಗುರಿ ಹೀಮೋಫಿಲಿಯಾಕ್ಕೆ ಜೀನ್ ಥೆರಪಿ. ರೋಗಿಯ ದೇಹದಲ್ಲಿ ಕೆಟ್ಟಿರುವ ಒಂದು ಜೀನಿನ ಬದಲು ಒಳ್ಳೆಯದನ್ನು ಜೀವಕೋಶದ ಒಳಗೆ ಕಳಿಸುವುದು. ಸಂದರ್ಶನದಲ್ಲಿ, "ಈ ಕೆಲಸವೇ ಯಾಕೆ?" ಎಂದು ಅವರು ಕೇಳಿದಾಗ ಜಲಜಾಕ್ಷಿ ತಮ್ಮನ ಕತೆ ಹೇಳಿದಳು. ಭೋಜರು ಯಾವ ಹಲ್ಲು, ಎಷ್ಟು ದಿನ ಎಂದೆಲ್ಲ ವಿಚಾರಿಸಿಕೊಂಡರು. ಹೆಸರು ಕೇಳಲಿಲ್ಲ.

ಕೆಲಸ ನೋಡಲು ಸುಲಭ, ಮಾಡಲು ಮಹಾ ಕಿರಿಕಿರಿ. ಒಂದು ನಳಿಕೆಯಲ್ಲಿ ಜೀನು ಬೆರೆಸಿದ ದ್ರಾವಣ, ಇನ್ನೊಂದರಲ್ಲಿ ಉಪ್ಪಿನ ನೀರು. ಮೊದಲನೆಯದನ್ನು ಎರಡನೆಯದಕ್ಕೆ ಹನಿಹನಿಯಾಗಿ ಬಿಟ್ಟರೆ ಕಣ್ಣಿಗೆ ಕಂಡೂ ಕಾಣದ ನುಣ್ಣನೆಯ ಹಿಟ್ಟು ಹುಟ್ಟುತ್ತದೆ. ಅದನ್ನು ಜೀವಕೋಶಗಳ ಮೇಲೆ ಸುರಿದರೆ ಅವು ನುಂಗುತ್ತವೆ. ನುಂಗಿದವು ಸೂಕ್ಷ್ಮದರ್ಶಕದ ಕೆಳಗೆ ಹಸಿರಾಗಿ ಹೊಳೆಯುವಂತೆ ಒಂದು ಗುರುತನ್ನೂ ಜೊತೆಗೆ ಸೇರಿಸಿರುತ್ತಾರೆ. ಪುಸ್ತಕದ ಪ್ರಕಾರ ಹನಿಗಳನ್ನೆಲ್ಲ ಒಂದೇ ನಿಮಿಷದಲ್ಲಿ ಬಿಟ್ಟು, ಇಪ್ಪತ್ತು ನಿಮಿಷ ಕಾಯಬೇಕು. ಪುತ್ತಿಗೆಯ ಸೆಕೆಗೆ ಅಷ್ಟರೊಳಗೆ ಹಿಟ್ಟು ರವೆಯಾಗುತ್ತಿತ್ತು. ನೂರರಲ್ಲಿ ಹತ್ತು ಕೋಶ ಹೊಳೆದರೆ ಪುಣ್ಯ.

ಮೂರು ವರ್ಷ ಹೀಗೇ ಕಳೆಯಿತು. ಎರಡು ಸಾವಿರದ ಒಂದರ ಏಪ್ರಿಲಿನ ಒಂದು ಮಧ್ಯಾಹ್ನ ಕರೆಂಟು ಹೋಗಿ, ಗೋಡೆಯ ಗಡಿಯಾರವೂ ನಿಂತು, ಜಲಜಾಕ್ಷಿಗೆ ರೋಸಿಹೋಯಿತು. ಬಲಗೈಯಲ್ಲಿ ಹನಿ ಬಿಡುತ್ತ, ಬಾಯಲ್ಲಿ ತಮ್ಮನ ಹಾಗೆ ಬೀಡಿ ಎಣಿಸತೊಡಗಿದಳು. ಒಂದು ಬೀಡಿ ಕಟ್ಟುವಷ್ಟು ಹೊತ್ತಿಗೆ ಒಂದು ಹನಿ. ಇಪ್ಪತ್ತೈದನೆಯ ಹನಿಗೆ ನಳಿಕೆಯ ನೀರು ಅಕ್ಕಿ ತೊಳೆದ ಎರಡನೇ ನೀರಿನ ಬಣ್ಣಕ್ಕೆ ಬಂದಿತ್ತು. ಕಾಯದೆ ಹಾಗೆಯೇ ಕೋಶಗಳ ಮೇಲೆ ಸುರಿದಳು. ಎರಡು ದಿನ ಬಿಟ್ಟು ನೋಡಿದರೆ ನೂರರಲ್ಲಿ ಎಂಬತ್ತು ಹಸಿರು! ಆಕೆ ಸೂಕ್ಷ್ಮದರ್ಶಕದ ಮುಂದೆ ಕುಳಿತು ಅತ್ತಳು.

ಕಣ್ಣೊರೆಸಿಕೊಂಡು ಪ್ರಯೋಗದ ಪುಸ್ತಕದಲ್ಲಿ ಬರೆದಳು: "ಒಂದು ಬೀಡಿಗೆ ಒಂದು ಹನಿ, ಒಂದು ಕಟ್ಟಿಗೆ ಮುಗಿಸುವುದು." ಭೋಜರು ಪುಟಕ್ಕೆ ಸಹಿ ಹಾಕಲು ಬಂದವರು ಬೀಡಿ ಎಂಬ ಶಬ್ದ ಕಂಡದ್ದೇ ತಡ, ಮುಂದೆ ಓದಲೂ ಇಲ್ಲ.

"ಇದೇನು ಲ್ಯಾಬಾ, ಬೀಡಿ ಬ್ರಾಂಚಾ? ನಾಳೆ ಯಾರಾದ್ರೂ ನೋಡಿದ್ರೆ ನನ್ನ ಮರ್ಯಾದೆ ಎಂಥದ್ದು?"

ತಪ್ಪಾದರೆ ಒಂದೇ ಗೆರೆ ಎಳೆಯಬೇಕು, ಕೆಳಗಿನ ಅಕ್ಷರ ಕಾಣಬೇಕು ಎಂಬುದು ಅವರೇ ಕಲಿಸಿದ ನಿಯಮ. ಅಂಥವರು ಕಪ್ಪು ಶಾಯಿಯಲ್ಲಿ ಆ ಸಾಲನ್ನು ಗೀಚಿ ಗೀಚಿ ಹೂತೇಬಿಟ್ಟರು. ಮೇಲೆ "ಇಪ್ಪತ್ತು ನಿಮಿಷ" ಎಂದು ಬರೆದು ಸಹಿ ಹಾಕಿದರು. ಬರೆಯಬೇಡ ಎಂದರೆ ಬೇಡ, ಮಾಡುವ ಕೈ ನನ್ನದಲ್ಲವೇ ಎಂದು ಜಲಜಾಕ್ಷಿ ಅಂದುಕೊಂಡಳು. ಅಲ್ಲಿಂದ ಮುಂದೆ ಹನಿ ಬಿಡುವ ಕೋಣೆಗೆ ಆಕೆಯೊಬ್ಬಳೇ ಹೋಗುತ್ತಿದ್ದಳು, ಫಲಿತಾಂಶ ಮಾತ್ರ ಭೋಜರ ಮೇಜಿಗೆ ಬರುತ್ತಿತ್ತು.

ಎರಡು ಸಾವಿರದ ಮೂರರಲ್ಲಿ ದೊಡ್ಡ ಪತ್ರಿಕೆಯಲ್ಲಿ ಲೇಖನ ಬಂತು. ಏಳು ಹೆಸರುಗಳು. ಅದರಲ್ಲಿ ಒಬ್ಬರೂ ಹನಿ ಬಿಡುವ ಕೋಣೆಗೆ ಕಾಲಿಟ್ಟವರಲ್ಲ. ಜಲಜಾಕ್ಷಿಯ ಹೆಸರು ಏಳರಲ್ಲೂ ಇಲ್ಲ, ಕೊನೆಯ ವಂದನೆಯಲ್ಲೂ ಇಲ್ಲ. ಅದನ್ನಾದರೂ ನುಂಗಿಕೊಳ್ಳುತ್ತಿದ್ದಳೋ ಏನೋ. ಮರುವಾರ ಸುದ್ದಿಪತ್ರಿಕೆಯಲ್ಲಿ ಭೋಜರ ಸಂದರ್ಶನ ಬಂತು: "ನಾನು ಕಣ್ಣಾರೆ ಕಂಡ ಊರಿನ ಒಬ್ಬ ಹುಡುಗ. ಹಲ್ಲು ಕೀಳಿಸಿ ನಾಲ್ಕು ದಿನ ರಕ್ತ ಸುರಿದು ತೀರಿಕೊಂಡ. ಅಂದೇ ಪಣ ತೊಟ್ಟೆ." ಕಣ್ಣಾರೆ ಕಂಡರಂತೆ! ಉಂಡೂ ಹೋದ, ಕೊಂಡೂ ಹೋದ ಅಂದರೆ ಇದೇ. ಕೆಲಸ ಕದ್ದದ್ದು ಸಾಲದೆ ಸತ್ತ ತಮ್ಮನನ್ನೂ ಕದ್ದರು.

ಜಲಜಾಕ್ಷಿ ಪತ್ರಿಕೆ ಹಿಡಿದು ಅವರ ಕೋಣೆಗೆ ಹೋದಳು. ಭೋಜರು ತಲೆ ಎತ್ತದೆಯೇ ಹೇಳಿದರು:

"ಪುಸ್ತಕ ತೆಗೆದು ನೋಡು. ಎಲ್ಲಾ ಪುಟದಲ್ಲಿ ಯಾರ ಸಹಿ ಉಂಟು? ಪುಸ್ತಕದಲ್ಲಿ ಇಲ್ಲದ್ದು ನಡೆದೇ ಇಲ್ಲ, ಜಲಜಾ. ಇದು ವಿಜ್ಞಾನ."

"ಆಯ್ತು ಸರ್," ಎಂದಳು. ಆ ತಿಂಗಳೇ ಕೆಲಸ ಬಿಟ್ಟು ಬೆಳುವಾಯಿಗೆ ಬಂದು ತಡ್ಪೆ ಹಿಡಿದಳು. ಸಂದರ್ಶನದ ಹಾಳೆಯನ್ನು ಸ್ನಾನದ ಒಲೆಗೆ ಹಾಕಿದಳು. ಊರವರು ಬಿ.ಎಸ್ಸಿ. ಮಾಡಿ ಬೀಡಿಯಾ ಎಂದು ನಕ್ಕರು. ನಗಲಿ, ಹಲ್ಲು ಅವರದ್ದು.

ಇತ್ತ ಬೇರೆ ಊರಿನ ಲ್ಯಾಬುಗಳಲ್ಲಿ ಭೋಜರ ಕ್ರಮ ಯಾರಿಗೂ ಹೊಂದಲಿಲ್ಲ. ಪತ್ರಗಳ ಮೇಲೆ ಪತ್ರ ಬಂದವು. ಕೊನೆಗೆ ಎರಡು ಸಾವಿರದ ಐದರ ಏಪ್ರಿಲಿನಲ್ಲಿ ಮೂವರು ಪರೀಕ್ಷಕರು, ನಮ್ಮೆದುರೇ ಮಾಡಿ ತೋರಿಸಿ ಎಂದು ಪುತ್ತಿಗೆಗೇ ಬಂದು ಕುಳಿತರು. ಹನಿ ಬಿಡುವ ಕೆಲಸ ಬಂಟ್ವಾಳದ ಉಝ್ಮಾ ಎಂಬ ಹೊಸ ಸಹಾಯಕಿಗೆ ಬಂತು. ಎರಡು ಸಲ ಮಾಡಿದಳು, ಎರಡು ಸಲವೂ ನೂರರಲ್ಲಿ ಒಂಬತ್ತು. ಇನ್ನೊಂದೇ ಅವಕಾಶ ಉಳಿದಿತ್ತು.

ಮರುದಿನ ಮಧ್ಯಾಹ್ನ ಭೋಜರ ಕಾರು ಬೆಳುವಾಯಿಯ ಅಂಗಳಕ್ಕೆ ಬಂತು. ಜಲಜಾಕ್ಷಿ ಜಗಲಿಯಲ್ಲಿ ಕುಳಿತಿದ್ದಳು. ಏಳಲಿಲ್ಲ. ಪ್ಲಾಸ್ಟಿಕ್ ಕುರ್ಚಿ ತೋರಿಸಿ, ಹೊಸ ಕಟ್ಟಿನ ಮೊದಲ ಎಲೆ ಕೈಗೆತ್ತಿಕೊಂಡಳು.

"ಜಲಜಾ, ನನ್ನ ಮಾನದ ಪ್ರಶ್ನೆ. ನೀನು ಮಾಡುವಾಗ ಹೇಗೆ ಆಗ್ತಿತ್ತು?"

ಒಂದು ಬೀಡಿ. ಎರಡು ಬೀಡಿ.

"ನಾನು ಏನೂ ಮಾಡ್ಲಿಲ್ಲ ಸರ್. ಸಹಿ ಎಲ್ಲಾ ನಿಮ್ಮದೇ ಅಲ್ವಾ?"

"ನೀನು ಏನೋ ಬರೆದಿದ್ದಿ. ನಾನು ಹೊಡೆದು ಹಾಕಿದೆ. ಅದೇನು?"

"ಪುಸ್ತಕದಲ್ಲಿ ಇಲ್ಲದ್ದು ನಡೆದೇ ಇಲ್ಲ ಸರ್."

ಭೋಜರು ಬೆವರು ಒರೆಸಿಕೊಂಡರು. ಮುಂದಿನ ಲೇಖನದಲ್ಲಿ ಹೆಸರು ಹಾಕುತ್ತೇನೆ ಎಂದರು, ಮೊದಲ ಹೆಸರೇ ನಿನ್ನದು ಎಂದರು. ಆಕೆಯ ಬೆರಳುಗಳು ಅವರ ಕಣ್ಣೆದುರೇ ಎಲೆಯನ್ನು ಸುತ್ತುತ್ತಿದ್ದವು, ಬಾಯಿ ಮಡಚುತ್ತಿದ್ದವು, ನೂಲು ಬಿಗಿಯುತ್ತಿದ್ದವು. ಅವರು ಹುಡುಕಿಕೊಂಡು ಬಂದದ್ದು ಮಾರು ದೂರದಲ್ಲಿ ನಡೆಯುತ್ತಿತ್ತು ಮಾರಾಯ್ರೇ, ಆದರೆ ಬೀಡಿಯ ಕಡೆ ನೋಡಿದರೆ ದೊಡ್ಡವರ ಕಣ್ಣಿಗೆ ಮೈಲಿಗೆಯಲ್ಲವೇ!

ಇಪ್ಪತ್ತೊಂದನೆಯ ಬೀಡಿಗೆ ಜಲಜಾಕ್ಷಿ ತಲೆ ಎತ್ತಿದಳು.

"ಒಂದು ಕೇಳ್ತೇನೆ. ನನ್ನ ತಮ್ಮನ ಕತೆ ಎಷ್ಟು ವೇದಿಕೆಯಲ್ಲಿ ಹೇಳಿದ್ರಿ ನೀವು? ಅವನ ಹೆಸರು ಹೇಳಿ. ಈಗಲೇ ಬಂದು ನಿಮಗೆ ಮಾಡಿ ಕೊಡ್ತೇನೆ."

"ಆನಂದ... ಅಲ್ವಾ?"

ಇಪ್ಪತ್ತೈದು. ಜಲಜಾಕ್ಷಿ ಬೀಡಿಗಳನ್ನು ಒಟ್ಟು ಮಾಡಿ ನೂಲು ಬಿಗಿದು ತಡ್ಪೆಗೆ ಹಾಕಿದಳು.

"ಆಂಡ್ ಸರ್. ಹೋಗಿ ಬನ್ನಿ."

"ಎಂಥಾ ಕಲ್ಲು ಹೆಂಗಸು ನೀನು! ಹನ್ನೆರಡು ನಿಮಿಷದಿಂದ ಕಾಲು ಹಿಡಿದ ಹಾಗೆ ಕೇಳ್ತಾ ಇದ್ದೇನೆ," ಎಂದು ಗಡಿಯಾರ ನೋಡುತ್ತ ಎದ್ದರು. ಹನ್ನೆರಡು ನಿಮಿಷ! ಉತ್ತರವನ್ನು ತಾವೇ ಬಾಯಾರೆ ಹೇಳಿದರೂ ತಮ್ಮ ಕಿವಿಗೆ ಬೀಳಲಿಲ್ಲ. ಕಾರು ತಿರುವು ದಾಟುವವರೆಗೆ ತಡೆದುಕೊಂಡಿದ್ದ ಜಲಜಾಕ್ಷಿ ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕಳು.

ಮೂರನೆಯ ಸಲವೂ ಒಂಬತ್ತೇ. ಭೋಜರು ಲೇಖನ ಹಿಂತೆಗೆದುಕೊಂಡ ಸುದ್ದಿ ಬಂದ ದಿನ ಜಲಜಾಕ್ಷಿ ಬಂಗುಡೆ ಮೀನಿನ ಪುಳಿಮುಂಚಿ ಮಾಡಿ ಎರಡು ಸಲ ಬಡಿಸಿಕೊಂಡು ಉಂಡಳು. ಪಾಪ ಅನಿಸಲಿಲ್ಲವೇ ಎಂದು ಕೇಳಬೇಡಿ. ಅನಿಸಲಿಲ್ಲ.

ಅನಿಸಿದ್ದು ಉಝ್ಮಾ ಬಂದಾಗ. ಭೋಜರು ಪರೀಕ್ಷಕರ ಮುಂದೆ ತಪ್ಪನ್ನೆಲ್ಲ ಆ ಹುಡುಗಿಯ ಕೈಯ ಮೇಲೆ ಹಾಕಿ ಕೆಲಸದಿಂದ ತೆಗೆದಿದ್ದರು. ಅಂಗಳದಲ್ಲೇ ನಿಂತು ಅವಳು ಕೂಗಿದಳು:

"ನಿಮಗೆ ಗೊತ್ತಿತ್ತು ಜಲಜಕ್ಕ! ನಿಮ್ಮ ಸಿಟ್ಟಿಗೆ ನನ್ನ ಅನ್ನ ಹೋಯ್ತು!"

ಜಲಜಾಕ್ಷಿಯ ಏಟು ಬೇಡದ ಕಡೆ ಬಿದ್ದಿತ್ತು. ಜಗಲಿಯಲ್ಲಿ ಜಾಗ ಮಾಡಿ ಕೇಳಿದಳು, "ನಿನ್ನ ಉಮ್ಮ ಬೀಡಿ ಕಟ್ತಾರಾ?"

"ಕಟ್ತಾರೆ. ನಾನೂ ಕಟ್ತೇನೆ. ಯಾಕೆ?"

"ಹಾಗಾದ್ರೆ ಇಲ್ಲಿ ಕೂತುಕೊ."

ಎಲ್ಲವನ್ನೂ ಹೇಳಿಕೊಟ್ಟಳು. ಶರತ್ತು ಒಂದೇ. ಆ ಕ್ರಮಕ್ಕೆ ತಮ್ಮನ ಹೆಸರು ಇಡಬೇಕು, ಪೂರ್ತಿ ವಿವರ ಬೇಕಾದವರು ಆ ಹೆಸರು ಬರೆದೇ ಅರ್ಜಿ ಹಾಕಬೇಕು, ಬರೆಯದವರಿಗೆ ಕೊಡಬಾರದು. ಉಝ್ಮಾ ದೂರದ ಊರಿನ ಇನ್ನೊಂದು ಲ್ಯಾಬು ಸೇರಿದಳು. ಅಲ್ಲಿಯ ಪುಸ್ತಕದಲ್ಲಿ ಜಲಜಾಕ್ಷಿಯ ಸಾಲು ಯಾರ ಗೀಚೂ ಇಲ್ಲದೆ ಉಳಿಯಿತು. ಎರಡು ವರ್ಷದಲ್ಲಿ ಅವರ ಲೇಖನ ಬಂತು. ಮೊದಲ ಹೆಸರು ಉಝ್ಮಾಳದ್ದು, ಎರಡನೆಯದು ಬೆಳುವಾಯಿಯ ಜಲಜಾಕ್ಷಿಯದ್ದು.

ಎರಡು ಸಾವಿರದ ಎಂಟರಲ್ಲಿ ಉಝ್ಮಾಳಿಂದ ಒಂದು ಲಕೋಟೆ ಬಂತು. ಒಳಗೆ ಒಂದು ಅರ್ಜಿಯ ನಕಲು. ಆ ಕ್ರಮದ ವಿವರ ಬೇಕೆಂದು ಪುತ್ತಿಗೆಯಿಂದ ಬಂದ ಅರ್ಜಿ. ಯಾವ ಕ್ರಮ ಎಂಬಲ್ಲಿ ಕಪ್ಪು ಶಾಯಿಯಲ್ಲಿ, ಜಲಜಾಕ್ಷಿ ಐದು ವರ್ಷ ನೋಡಿದ ಅದೇ ಕೈಬರಹದಲ್ಲಿ, ಭೋಜರು ಬರೆದಿದ್ದರು: "ಸಂಕಪ್ಪನ ಲೆಕ್ಕ."

ಆಕೆ ಅದನ್ನು ಗೋಡೆಯ ಮೇಲಿನ ತಮ್ಮನ ಪಟಕ್ಕೆ ಎತ್ತಿ ಹಿಡಿದು ತೋರಿಸಿದಳು.

"ಆಂಡ್, ಸಂಕಪ್ಪಾ," ಎಂದಳು.