ಹಾಲಿನ ಕ್ಯಾನಿನಲ್ಲಿ ಬೊಟ್ಟಿನ ಮೀನು

ಪಾವಗಡ ದಾಟಿದ ಮೇಲೆ ಚೆಕ್‌ಪೋಸ್ಟಿನಲ್ಲಿ ಪೊಲೀಸರು ಬಸ್ಸು ಹತ್ತುವುದು ಯಾತಕ್ಕೆಂದು ನಮ್ಮ ಕಡೆಯ ಕೂಸಿಗೂ ಗೊತ್ತು. ಕರ್ನಾಟಕದ ಸಾರಾಯಿ ಆಂಧ್ರಕ್ಕೆ ನುಸುಳಬಾರದು. ಹೋದ ವಾರ ಹಾಗೆ ಹತ್ತಿದ ಪೊಲೀಸಿನವನು ಎಲ್ಲರನ್ನೂ ಬಿಟ್ಟು ನನ್ನ ಮುಂದೆ ಬಂದು ನಿಂತ. ನನ್ನ ಹಣೆ ತುಂಬ ವಿಭೂತಿ, ತಲೆ ತುಂಬ ಸೆರಗು, ತೊಡೆಯ ಮೇಲೆ ಹಾಲಿನ ಕ್ಯಾನು. ಕ್ಯಾನಿನ ಬಾಯಿಗೆ ಜೀನ್ಸ್ ಬಟ್ಟೆಯ ತುಂಡು ಹಾಕಿ ಮುಚ್ಚಳ ಬಿಗಿದಿದ್ದೆ.

ಅನುಮಾನ ಬರದೆ ಇರುತ್ತದೆಯೇ?

"ಅವ್ವಾ, ಡಬ್ಬಾಲೋ ಏಮುಂದಿ?" ಎಂದ. ಡಬ್ಬಿಯಲ್ಲಿ ಏನಿದೆ ಅಂತ.

ಮೀನಿತ್ತು.

(ಗಾಬರಿಯಾಗಬೇಡಿ. ನಾವು ಮೀನು ತಿನ್ನುವವರಲ್ಲ. ತೊಂದರೆಯಾಗಿದ್ದೇ ಅದರಿಂದ.)

ಮೊದಲಿನಿಂದ ಹೇಳುತ್ತೇನೆ. ಮಡಕಶಿರಾದಲ್ಲಿ ನನ್ನ ಮಗಳ ಮಗಳು ಸಿಂಚನಾ ಇದ್ದಾಳೆ. ಅವಳದೊಂದು ಗಾಜಿನ ತೊಟ್ಟಿ. ಅಂಗಡಿಯಿಂದ ತಂದ ಬಣ್ಣದ ಮೀನುಗಳು ಒಂದೊಂದಾಗಿ ಸತ್ತು ತೊಟ್ಟಿ ಬರಿದಾಯಿತು. ಆಗ ಅವಳಿಗೆ ರಾಯದುರ್ಗದ ನಮ್ಮ ಹಿತ್ತಲ ಬಾವಿ ನೆನಪಾಯಿತು. ಅಲ್ಲಿಯ ಮೀನು ಬೆರಳುದ್ದ, ಬೆಳ್ಳಿ ಮೈ, ಬಾಲದ ಬುಡದಲ್ಲಿ ಕಪ್ಪು ಚುಕ್ಕೆ. ನಾವು ಬೊಟ್ಟಿನ ಮೀನು ಅನ್ನುತ್ತೇವೆ. ಅವಳ ತಾತ ಇದ್ದಾಗ ಬೆಳಿಗ್ಗೆ ಬಾವಿಯ ಮೆಟ್ಟಿಲಲ್ಲಿ ಕೂತು ಮಂಡಕ್ಕಿ ಹಾಕುತ್ತಿದ್ದರು. ಈಗ ನಾನು ಹಾಕುತ್ತೇನೆ.

ನಾಲ್ಕು ಹಿಡಿದು ತರುತ್ತೇನೆ ಅಂದೆ. ಅವಳು ಫೋನಿನಲ್ಲೇ ತಡೆದಳು.

"ಸುಮ್ನೆ ತರ್ಬೇಡ ಅಜ್ಜಿ. ಕೇಳ್ಕಂಡ್ ತಾ. ಪಕ್ಕದ ಮನೆಯೋರ ಗಿಣಿ ಏನಾಯ್ತು ಗೊತ್ತಲ್ಲ?"

ಗೊತ್ತಿತ್ತು. ನಮ್ಮ ನಾಡಿನ ಗಿಣಿಯನ್ನು ಪಂಜರದಲ್ಲಿ ಸಾಕುವಂತಿಲ್ಲ ಎಂದು ಅರಣ್ಯದವರು ಬಂದು ಒಯ್ದಿದ್ದರು. 'ಅಮ್ಮಾ' ಅನ್ನಲು ಕಲಿತ ಗಿಣಿ. ಆ ಮನೆಯವರಿಗಿಂತ ಸಿಂಚನಾ ಹೆಚ್ಚು ಅತ್ತಿದ್ದಳು. ಸಾಕಿದ್ದನ್ನು ಇನ್ನೊಮ್ಮೆ ಯಾರೋ ಬಂದು ಒಯ್ಯಬಾರದು, ಅಷ್ಟೇ ಅವಳ ಹಟ.

ಕೇಳುವುದು ಯಾರನ್ನು? ಕೇಳುವುದು ಯಾರು? ನನಗೆ ಅಂಗಡಿಯಲ್ಲಿ ಉಪ್ಪು ಕೇಳುವುದಕ್ಕೂ ನಾಚಿಕೆ. ಹೊಲಿಗೆ ಶೆಡ್ಡು ನಡೆಸುವ ಸೊಸೆ ಶಶಿಕಲಾಳ ಮುಖ ನೋಡಿದೆ.

"ನಾ ಕೇಳ್ತೀನಿ ಬಿಡ್ರಿ ಅತ್ತಿ. ನೀವು ಫೋನ್ ಹಿಡದ್ರ ಆ ಕಡಿಯವ್ರು ಲೈನ್ ಕಟ್ಟಾಗೇತಿ ಅನ್ಕಂತಾರ" ಅಂದಳು.

ಅವಳು ಮೊದಲು ವಿಚಾರಿಸಿದ್ದು ಸಾಗಿಸುವುದನ್ನು. ಕೊರಿಯರಿನವರು ಜೀವ ಇರುವುದೂ ಬೇಡ, ನೀರಿರುವುದೂ ಬೇಡ ಅಂದರು. ಬಸ್ ಪಾರ್ಸೆಲ್ಲಿನವರು ಜೊತೆಗೆ ಮನುಷ್ಯರಿಲ್ಲದೆ ಪ್ರಾಣಿ ಹತ್ತಿಸುವುದಿಲ್ಲ ಅಂದರು. ಅಂಚೆಯಲ್ಲಿ ಜೇನುಹುಳ, ರೇಷ್ಮೆಹುಳ ಹೋಗುತ್ತವಂತೆ, ಮೀನು ಹೋಗುವುದಿಲ್ಲವಂತೆ. (ರೇಷ್ಮೆಹುಳಕ್ಕೆ ಇರುವ ಮರ್ಯಾದೆ ನೋಡಿ!)

ಕೊನೆಗೆ ಮೀನುಗಾರಿಕೆ ಆಫೀಸಿಗೆ ಮೀನಿನ ಫೋಟೋ ಹೋಯಿತು. ಅಲ್ಲಿನ ಹುಡುಗ ಆಫೀಸರು ಸಮಾಧಾನದಿಂದ ಹೇಳಿದರಂತೆ. ನಮ್ಮ ಹೊಳೆಗಳ ಕೆಲವು ಮೀನುಗಳು ವನ್ಯಜೀವಿ ಕಾನೂನಿನ ಲಿಸ್ಟಿನಲ್ಲಿವೆ. ಅವನ್ನು ಹಿಡಿಯುವುದು, ಸಾಕುವುದು, ಮಾರುವುದು ಎಲ್ಲವೂ ತಪ್ಪು. ನಿಮ್ಮದು ಅದರಲ್ಲಿಲ್ಲ, ಕೆರೆಬಾವಿಗಳ ಸಾಧಾರಣ ಮೀನು. ಸ್ವಂತ ಬಾವಿಯಿಂದ ಏಳೆಂಟು ಒಯ್ದು ಮನೆಯಲ್ಲಿ ಸಾಕಲು ಅಡ್ಡಿಯಿಲ್ಲ. ಹಿಡಿದು ಮಾರಲು ಹೊರಟರೆ ಮಾತು ಬೇರೆ, ಆಗ ಮತ್ತೆ ಬಂದು ಕೇಳಿ. ಸಾಕಿ ಬೇಸರವಾಯಿತೆಂದು ಯಾವುದೋ ಕೆರೆಗೆ ಮಾತ್ರ ಸುರಿಯಬೇಡಿ.

ಆಂಧ್ರದ ರಾಯದುರ್ಗದಿಂದ ಆಂಧ್ರದ ಮಡಕಶಿರಾಕ್ಕೆ ಹೋಗಲು ನಡುವೆ ಕರ್ನಾಟಕ ದಾಟಬೇಕಲ್ಲ, ಅದಕ್ಕೇನು ಎಂದು ಶಶಿಕಲಾ ಕೇಳಿದಳು. ಏಳೆಂಟು ಮೀನಿಗೆ ಗಡಿ ಯಾರು ಕೇಳುತ್ತಾರಮ್ಮ ಎಂದು ನಕ್ಕರಂತೆ.

ಎಲ್ಲಿಂದಲೋ ಬಂದ ಬಣ್ಣದ ಮೀನನ್ನು ಅಂಗಡಿಯಿಂದ ತಂದಾಗ ಯಾರೂ ಏನೂ ಕೇಳಲಿಲ್ಲ. ನಮ್ಮದೇ ಬಾವಿಯ ಮೀನಿಗೆ ಇಷ್ಟು ವಿಚಾರಣೆ! ಇದ್ಯಾವ ನ್ಯಾಯ? ಒಂದು ದಿನವೆಲ್ಲ ಹೀಗೇ ಗೊಣಗಿದೆ. ಆಮೇಲೆ ಮಂಡಕ್ಕಿ ಹಾಕುವಾಗ ಹೊಳೆಯಿತು. ಅಂಗಡಿಯ ಮೀನು ಯಾರದೋ ಹಿತ್ತಲ ತೊಟ್ಟಿಯಲ್ಲಿ ಹುಟ್ಟಿದ್ದು, ಸತ್ತರೆ ಇನ್ನೊಂದು ಹುಟ್ಟಿಸುತ್ತಾರೆ. ಹೊಳೆಯ ಮೀನನ್ನು ಬಳಿದು ಮಾರಿಬಿಟ್ಟರೆ ಹೊಳೆ ಯಾವ ಅಂಗಡಿಗೆ ಹೋಗಿ ಕೊಳ್ಳಬೇಕು? ಕೇಳಿ ತಾ ಅಂದ ಕೂಸಿನ ಮಾತು ಸರಿಯಿತ್ತು.

ಕಾನೂನು ಸರಿಹೋಯಿತು. ಉಳಿದದ್ದು ನನ್ನ ಮಾನ.

ಲಿಂಗ ಕಟ್ಟಿದ ಮುದುಕಿ ಬಸ್ಸಿನಲ್ಲಿ ಮೀನು ಹಿಡಿದು ಕೂತರೆ ನೋಡಿದವರು ಏನಂದಾರು? ದಾರಿಯುದ್ದಕ್ಕೂ ನೆಂಟರೇ ಹತ್ತಿ ಇಳಿಯುವ ಬಸ್ಸು. ಅದಕ್ಕೇ ಶೆಡ್ಡಿನಲ್ಲಿ ಬಿದ್ದಿದ್ದ ಜೀನ್ಸ್ ತುಂಡು, ಅದಕ್ಕೇ ಬಿಗಿ ಮುಚ್ಚಳ. ಯಾರಾದರೂ ಕೇಳಿದರೆ ಇರಲೆಂದು ತೆಲುಗಿನಲ್ಲಿ ಒಂದು ಮಾತು ಕಲ್ಯಾಣದುರ್ಗದವರೆಗೂ ಬಾಯಿಪಾಠ ಮಾಡಿದೆ. 'ಮಾ ಬಾವಿ ಚೇಪಲು, ಅಮ್ಮಡಾನಿಕಿ ಕಾದು.' ನಮ್ಮ ಬಾವಿಯ ಮೀನು, ಮಾರುವುದಕ್ಕಲ್ಲ.

ಪೊಲೀಸಿನವನು ಕೇಳಿದಾಗ ಆ ಮಾತು ಎಲ್ಲಿ ಹೋಯಿತೋ! ನಾನು ಕ್ಯಾನು ಇನ್ನಷ್ಟು ಅವುಚಿಕೊಂಡೆ. ಅವನು ತೆಗೆಯಿರಿ ಅಂದ. ಬಸ್ಸಿನವರೆಲ್ಲ ಕತ್ತು ಉದ್ದ ಮಾಡಿದರು. ಮುಚ್ಚಳ ತೆಗೆದೆ.

ಮೀನುಗಳೆಲ್ಲ ಮೇಲೆ ಬಂದು ಬಾಯಿ ಬಿಡುತ್ತಿದ್ದವು. ಒಂದು ಅಡ್ಡ ಮಲಗಿತ್ತು.

"ಚೇಪಲಾ? ಕೂರಕಾ ಅವ್ವಾ?" ಸಾರಿಗಾ ಅಂತ.

"ಸಾರಿಗಲ್ಲ, ಸಾಕಾಕ್ರಿ" ಅಂದೆ. ಹೆದರಿಕೆಗೆ ಕನ್ನಡವೇ ಬಂತು.

ಪಕ್ಕದ ಸೀಟಿನ ಹೆಂಗಸು ಸುಮ್ಮನಿರಲಿಲ್ಲ. "ವಿಭೂತಿ ಹಚ್ಕಂಡು ಮೀನ್ ಒತ್ಕಂಡ್ ಹೊಂಟವ್ರೆ, ಕಾಲ ನೋಡಮ್ಮ."

ಬೇರೆ ದಿನವಾಗಿದ್ದರೆ ಸೀಟಿನ ಕೆಳಗೆ ಹೊಕ್ಕುಬಿಡುತ್ತಿದ್ದೆ. ಆದರೆ ಆ ಅಡ್ಡ ಮಲಗಿದ್ದು ಕಣ್ಣಿಗೆ ಬಿದ್ದಿತ್ತಲ್ಲ? ಉಸಿರಿಗೆ ಗಾಳಿ ಸಾಲದೆ ಹಾಗಾಗಿದೆ ಎಂದು ಯಾರೂ ಹೇಳಬೇಕಿರಲಿಲ್ಲ. ಸೆರಗು ಜಾರಿದ್ದೂ ತಿಳಿಯದೆ ಎದ್ದು ನಿಂತೆ. ಮುಚ್ಚಳದಲ್ಲಿ ನೀರು ಮೊಗೆದು, ಬಿಸಿ ಹಾಲು ಆರಿಸುವ ಹಾಗೆ ಮೇಲಿಂದ ಕ್ಯಾನಿಗೆ ಹೊಯ್ದೆ. ಮತ್ತೆ ಮೊಗೆದೆ, ಮತ್ತೆ ಹೊಯ್ದೆ. ಕ್ಯಾನು ಅಲುಗಿತು. ಅದನ್ನು ಹಿಡಿದುಕೊಂಡವಳು ಅದೇ ಪಕ್ಕದ ಸೀಟಿನ ಹೆಂಗಸು. ಪೊಲೀಸಿನವನು ಡ್ರೈವರಿಗೆ ಸ್ವಲ್ಪ ನಿಲ್ಲು ಎಂದು ಕೈ ಮಾಡಿದ. ನೋಡುತ್ತ ನೋಡುತ್ತ ಅಡ್ಡ ಮಲಗಿದ್ದು ಒಮ್ಮೆ ಕೊಸರಿ, ನೆಟ್ಟಗಾಗಿ, ತಳಕ್ಕೆ ಇಳಿಯಿತು. ಹಿಂದಿನ ಸೀಟಿನಲ್ಲಿ ಯಾರೋ ಚಪ್ಪಾಳೆ ಹೊಡೆದರು.

ಮಡಕಶಿರಾದವರೆಗೆ ಮುಚ್ಚಳ ತೆಗೆದೇ ಇತ್ತು. ಸರದಿಯಲ್ಲಿ ಬಂದು ಎಲ್ಲರೂ ಇಣುಕಿದರು.

ಮಗಳ ಅತ್ತೆ, ನನ್ನ ಬೀಗಿತ್ತಿ, ಬಾಗಿಲಲ್ಲೇ ನಿಂತು ಕ್ಯಾನಿನೊಳಗೆ ನೋಡಿದರು. "ಬೀಗರ ಮನೆಗೆ ಒಬ್ಬಟ್ಟು ತರೋದು ಕಂಡಿದ್ದೆ. ಮೀನು ತಂದಿದ್ದು ನೀವೇ ಮೊದಲು" ಅಂದರು. ಅಂದವರೇ ಸಂಜೆ ತೊಟ್ಟಿಯ ಮುಂದೆ ಕುರ್ಚಿ ಹಾಕಿಕೊಂಡು ಕೂತರು, ಕೈಯಲ್ಲಿ ಮಂಡಕ್ಕಿ.

ಸಿಂಚನಾ ಮಾತ್ರ ವಿಚಾರಣೆ ಬಿಡಲಿಲ್ಲ. ಯಾವ ಲಿಸ್ಟು, ಯಾರು ಹೇಳಿದರು, ಪೊಲೀಸರು ಕಾನೂನು ಕೇಳಿದರಾ? ಕೇಳಲಿಲ್ಲ ಮಗಳೇ. ಕಾನೂನಿಗೆ ನನ್ನಲ್ಲಿ ಉತ್ತರ ಸಿದ್ಧವಿತ್ತು.

ಆದರೆ ಆ ಮುಚ್ಚಳವನ್ನು ಬಿಗಿಯಲು ನನಗೆ ಹೇಳಿದ್ದು ಯಾವ ಕಾನೂನು?